ಅಕ್ಕ ಕೂಗಬಾರದು

ಕಣ್ಣಿನ ಆಸ್ಪತ್ರೆಯ ಹಾಲ್‌ನಲ್ಲಿ ವರ್ಷಗಟ್ಟಲೆ ಟೋಕನ್ ನಂಬರು ಕೂಗಿ ಕೂಗಿ ಅಕ್ಕನ ಗಂಟಲು ಕೆಟ್ಟಿತ್ತು. ಆಪರೇಷನ್ ಮಾಡಿದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು, ಇನ್ನು ಕೂಗಿದರೆ ಉಳಿದ ದನಿಯೂ ಹೋಗುತ್ತದೆ ಅಂತ. ಗೋಡೆಯ ಹಳೇ ಟಿವಿಯಲ್ಲಿ ನಂಬರು ಮೂಡುವಂತೆ ನಾನು ಮಾಡಿಕೊಡುತ್ತೇನೆಂದು ತಮ್ಮ ಮುಂದೆ ಬಂದ. ಶಾಲೆ ಅರ್ಧಕ್ಕೆ ಬಿಟ್ಟವನು, ವೆಬ್‌ಸೈಟ್ ಮಾಡುವ ಕಂಪನಿಯಲ್ಲಿ ಡಿಗ್ರಿಯವರ ನಡುವೆ ಕೂತವನು. ಮಾಡಿದ್ದು ಭರ್ಜರಿಯಾಗಿಯೇ ಇರಬೇಕೆಂಬ ಹಟ ಅವನಿಗೆ. ಒಂದು ನಂಬರು ತೋರಿಸಲು ಯಾರೋ ಬರೆದಿಟ್ಟ ಕೋಡಿನ ಹೊಸ ಫ್ರೇಮ್‌ವರ್ಕ್ ತಂದ, ಅದನ್ನು ನಡೆಸಲು ಒಂದು ಟೂಲ್, ಆ ಟೂಲಿಗೆ ಇನ್ನೊಂದು, ನಂಬರು ತೇಲಿ ಬಂದು ಕೂರಲು ಮತ್ತೊಂದು.

ಬೆಳಿಗ್ಗೆ ಹಾಲ್ ತುಂಬಿತು. ಅವನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೇಲಿದ ನಂಬರು ಟಿವಿಯಲ್ಲಿ ಮೂಡಲೇ ಇಲ್ಲ. ಬರೀ ಬಿಳಿ. ಟಿವಿಯೊಳಗಿನ ಹಳೇ ಬ್ರೌಸರಿನ ತಲೆಗೆ ಇದೊಂದೂ ಹತ್ತಲಿಲ್ಲ. ಎರರ್ ಬೆರಳು ತೋರಿದ ಸಾಲುಗಳನ್ನು ಓದಿದರೆ ಒಂದೂ ಅವನು ಬರೆದದ್ದಲ್ಲ. ಸರಿಮಾಡಲು ಇನ್ನೊಂದು ರೆಡಿಮೇಡ್ ಕೋಡಿನ ಪ್ಯಾಕೇಜ್ ತುರುಕಿದ. ಎರರ್ ಇನ್ನೂ ಉದ್ದವಾಯಿತು.

ಬೆಂಚಿನಲ್ಲಿದ್ದ ಮುದುಕರೊಬ್ಬರು ಪಕ್ಕದವರನ್ನು ತಿವಿದರು. "ಅದರಲ್ಲಿ ಏನಾದ್ರೂ ಇದೆಯಾ, ಇಲ್ಲ ನನ್ನ ಕಣ್ಣೇ ಪೂರ್ತಿ ಹೋಯ್ತಾ?"

ಎಲ್ಲರೂ ನಕ್ಕರು. ಅಕ್ಕ ಕೆಮ್ಮಿ ಗಂಟಲು ಸರಿಮಾಡಿಕೊಂಡು ಕೂಗಲು ಎದ್ದಳು. ತಮ್ಮನಿಗೆ ಮೈಯೆಲ್ಲ ಉರಿಯಿತು. ಟಿವಿಯ ಮೇಲೆ, ಕಂಪನಿಯ ಮೇಲೆ, ಕಡೆಗೆ ತನ್ನ ಮೇಲೇ.

"ಕೂತ್ಕೋ ಅಕ್ಕ. ಸ್ವಲ್ಪ ತಡಿ."

ಎಲ್ಲ ಅಳಿಸಿ ಖಾಲಿ ಫೈಲ್ ತೆರೆದ. ಎಲ್ಲಿಂದ ಶುರು ಮಾಡಬೇಕೆಂದೇ ತೋಚಲಿಲ್ಲ. ಆಗ ನೆನಪಾದದ್ದು, ಶಾಲೆ ಬಿಟ್ಟು ಮುಖ ಗಂಟಿಕ್ಕಿಕೊಂಡು ಮನೆಯಲ್ಲಿ ಕೂತಿದ್ದ ಕಾಲ. ಯಾರೋ ಬಿಸಾಡಲಿದ್ದ ಕಂಪ್ಯೂಟರನ್ನು ಅಕ್ಕ ಮಗುವಿನಂತೆ ಅಪ್ಪಿಕೊಂಡು ತಂದಿದ್ದಳು. ಇಂಟರ್‌ನೆಟ್ ಇರಲಿಲ್ಲ, ಪ್ರೋಗ್ರಾಂ ಬರೆಯಲು ಕಲಿಸುವ, ಲೈಬ್ರರಿಯಿಂದ ತಂದ ಜಾವಾಸ್ಕ್ರಿಪ್ಟ್ ಪುಸ್ತಕವೊಂದಿತ್ತು. ಒಲೆಯ ಮುಂದೆ ನಿಂತೇ ಅವಳು ಸಾಲು ಓದುವಳು, ಇವನು ನೋಟ್‌ಪ್ಯಾಡಿನಲ್ಲಿ ಒತ್ತುವನು. ಚುಕ್ಕಿ ಬಿಟ್ಟರೆ ಬೈಗುಳ. ಆಗ ಅವಳ ದನಿ ಬೀದಿಯ ತುದಿಗೂ ಕೇಳುತ್ತಿತ್ತು. ಗುಂಡಿ ಒತ್ತಿ ಪರದೆಯ ಮೇಲಿನ ಸೊನ್ನೆ ಒಂದಾದದ್ದೇ ತಡ, ಇಬ್ಬರೂ ಹುಚ್ಚು ಹಿಡಿದವರಂತೆ ನಕ್ಕಿದ್ದರು. ಹಾಲು ಉಕ್ಕಿ ಒಲೆ ಆರಿದರೂ ಒತ್ತಿದ್ದೇ ಒತ್ತಿದ್ದು. ಅಂಥ ಖುಷಿ ಆಮೇಲೆ ಯಾವ ಕಂಪನಿಯಲ್ಲೂ ಸಿಕ್ಕಿರಲಿಲ್ಲ.

ಬೇಕಾದದ್ದೂ ಅಷ್ಟೇ ತಾನೇ? ಒತ್ತಿದರೆ ಒಂದು ಹೆಚ್ಚಾಗಬೇಕು. ಬರೆದ. ಟಿವಿಯ ರಿಮೋಟನ್ನು ಅಕ್ಕನ ಕೈಗಿಟ್ಟ.

ಅವಳು ಒತ್ತಿದಳು. ಅಂದಚೆಂದವಿಲ್ಲದ, ಬೋಳು ಬೋಳಾದ ಕಪ್ಪು ನಂಬರು ಮೂಡಿತು. ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಚೀಟಿ ನೋಡಿಕೊಂಡು ಸೀದಾ ಒಳಗೆ ನಡೆದಳು.

ಸ್ವಲ್ಪ ಬಣ್ಣವಾದರೂ ಹಾಕಲೇ ಎಂದು ತಮ್ಮ ಕೇಳಿದ. ಅಕ್ಕ ಅವನ ಕಿವಿಗೆ ಬಗ್ಗಿ ಪಿಸುಗುಟ್ಟಿದಳು:

"ಇನ್ನೊಂದ್ಸಲ ಮುಟ್ಟಿದ್ರೆ ಕೂಗಿಬಿಡ್ತೀನಿ ನೋಡು."