ಮೂರನೇ ಟ್ಯಾಂಕಿನ ಗಸಿ

ತೈಲ ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷ ಸವೆಸಿದ ಆ ಕೆಮಿಸ್ಟ್‌ಗೆ ಕೆಸರೆಂದರೆ ಹೊಸದೇನಲ್ಲ. ಪೈಪು, ಟ್ಯಾಂಕುಗಳ ತಳದಲ್ಲಿ ಕಟ್ಟಿದ ಗಸಿಯಲ್ಲಿ ಎಣ್ಣೆ ಎಷ್ಟು, ತುಕ್ಕು ಎಷ್ಟು ಎಂದು ಹೇಳುವುದೇ ಅವಳ ಕೆಲಸ. ಆದರೆ ಆ ಸೋಮವಾರ ಮೇಜಿನ ಮೇಲೆ ಬಂದು ಕೂತ ಬಾಟಲಿಯನ್ನು ಮುಟ್ಟಲು ಅವಳಿಗೆ ಕೈಯೇ ಬರಲಿಲ್ಲ. ಅದು ಮೂರನೇ ಟ್ಯಾಂಕಿನದು. ಶನಿವಾರ ಅದರೊಳಗೆ ಇಳಿದು ಕೆಸರು ಬಾಚುತ್ತಿದ್ದ ಕೂಲಿಯವನು ಬೆಂಕಿಗೆ ಸಿಕ್ಕಿ ಸತ್ತಿದ್ದ.

"ಒಳಗೆ ಸಿಗರೇಟು ಹಚ್ಚಿದಾನೆ," ಎಂದರು ಮ್ಯಾನೇಜರು. "ನೀವು ಮಾಮೂಲಿ ಎಣ್ಣೆ ಗಸಿ ಅಂತ ಬರೆದುಬಿಡಿ, ಮುಗೀತು."

ಗೇಟಿನ ಹತ್ತಿರ ಸತ್ತವನ ಹೆಂಡತಿ ಬೆಳಗ್ಗೆಯಿಂದ ನಿಂತಿದ್ದಳು. ಊಟಕ್ಕೆ ಹೊರಟ ಕೆಮಿಸ್ಟ್‌ನ ಸೆರಗನ್ನೇ ಹಿಡಿದುಕೊಂಡಳು. "ಅವ್ರಿಗೆ ಹೊಗೆ ಕಂಡ್ರೇ ಆಗ್ತಿರ್ಲಿಲ್ಲ ಅಕ್ಕಾ. ಒಲೆ ಹೊಗೆಗೂ ಕೆಮ್ಮೋರು."

ಪ್ರಯೋಗಾಲಯಕ್ಕೆ ಮರಳಿದ ಕೆಮಿಸ್ಟ್ ಗಸಿಯಲ್ಲಿದ್ದ ಎಣ್ಣೆಯನ್ನೆಲ್ಲ ದ್ರಾವಕದಿಂದ ತೊಳೆದು ತೆಗೆದಳು. ಉಳಿದದ್ದು ಕಾಡಿಗೆಯಂಥ ಪುಡಿ. ಒಂದು ತೊಟ್ಟು ಆಮ್ಲ ಬಿಟ್ಟೊಡನೆ ಕೊಳೆತ ಮೊಟ್ಟೆಯ ನಾತ ಮೂಗಿಗೆ ಹೊಡೆಯಿತು. ಕಬ್ಬಿಣಕ್ಕೆ ಗಂಧಕ ಸೇರಿ ಆದ ಪುಡಿ ಅದು. ಒದ್ದೆಯಿರುವ ತನಕ ಸಾಧು. ಒಣಗಿ ಗಾಳಿ ತಾಗಿದರೆ ತಾನಾಗಿಯೇ ಹೊತ್ತಿಕೊಳ್ಳುವಂಥದ್ದು. ಚಿಟಿಕೆಯಷ್ಟನ್ನು ಸೋಸುವ ಕಾಗದದ ಮೇಲೆ ಹರಡಿ ಕಾದಳು. ಒಣಗುತ್ತ ಬಂದಂತೆ ಅಂಚಿನಲ್ಲೊಂದು ಕೆಂಡದ ಚುಕ್ಕೆ ಮೂಡಿ, ಹರಿದಾಡಿ, ಕಾಗದ ತೂತಾಯಿತು. ಕಡ್ಡಿ ಗೀರಿದವರು ಯಾರೂ ಇರಲಿಲ್ಲ.

ಅದಕ್ಕೇ ಅಂಥ ಟ್ಯಾಂಕಿನೊಳಗೆ ಕೆಲಸ ಮುಗಿಯುವ ತನಕ ನೀರು ಚಿಮುಕಿಸುತ್ತಲೇ ಇರಬೇಕು. ಶನಿವಾರದ ಪಾಳಿಯ ಸೂಪರ್‌ವೈಸರ್ ಅವಳ ಒಡಹುಟ್ಟಿದ ಅಣ್ಣ.

ಸಂಜೆ ಅವನ ಮನೆಗೆ ಹೋದಳು. ಅತ್ತಿಗೆ ಟೀ ಇಟ್ಟು ಒಳಗೆ ಹೋದರು.

"ನೀರು ನಿಲ್ಲಿಸಿದ್ದು ನೀನೇನಾ?"

"ನೀರು ಬಿಟ್ರೆ ಕೆಸರು ಜಾರ್ತಿತ್ತು, ಬಾಚೋಕೇ ಬರ್ತಿರ್ಲಿಲ್ಲ ಕಣೇ. ಇವತ್ತೇ ಮುಗಿಸು ಅಂತ ಮ್ಯಾನೇಜರು ತಲೆ ಮೇಲೆ ಕೂತಿದ್ರು. ಅರ್ಧ ಗಂಟೆ ತಾನೇ ಅಂದ್ಕೊಂಡೆ."

"ಮತ್ತೆ ಆ ಸಿಗರೇಟಿನ ಕತೆ?"

ಅಣ್ಣ ತಲೆ ತಗ್ಗಿಸಿದ. "ನಾನೇ ಹೇಳಿದ್ದು. ಬಾಯಿಗೆ ಬಂತು, ಹೇಳ್ಬಿಟ್ಟೆ."

"ಸತ್ತೋನ ಮೇಲೆ ಗೂಬೆ ಕೂರಿಸಿದ್ಯಲ್ಲೋ ಅಣ್ಣಾ."

"ನೀನು ಬರೆದ್ರೆ ನಾನು ಜೈಲಿಗೆ ಹೋಗ್ತೀನಿ. ಅಷ್ಟು ತಿಳ್ಕೊಂಡು ಬರಿ."

ಮರುದಿನ ಕಂಡದ್ದನ್ನು ಕಂಡಹಾಗೇ ಬರೆದಳು. ಮ್ಯಾನೇಜರಿಗೆ ಕೊಡದೆ, ತನಿಖೆಗೆ ಬಂದ ಅಧಿಕಾರಿಯ ಕೈಗೇ ಕೊಟ್ಟಳು.

ಸತ್ತವನ ಮೇಲಿನ ಅಪವಾದ ಅಳಿಯಿತು. ನೀರು ನಿಲ್ಲಿಸಿದ ತಪ್ಪಿಗೆ ಅಣ್ಣನಿಗೆ ಎರಡು ವರ್ಷ ಶಿಕ್ಷೆಯಾಯಿತು. ಬಾಯಿಮಾತಿನ ಆಜ್ಞೆಗೆ ಸಾಕ್ಷಿ ಎಲ್ಲಿಯದು? ಮ್ಯಾನೇಜರು ಬೇರೆ ಘಟಕಕ್ಕೆ ವರ್ಗವಾಗಿ ಹೋದರು. ಅವಳ ಜೊತೆಗೇ ಇದ್ದ ಅಮ್ಮ ಅವಳೊಡನೆ ಮಾತು ಬಿಟ್ಟಳು.

ಅವಳು ವಾರವಾರ ಜೈಲಿಗೆ ಅಣ್ಣನನ್ನು ನೋಡಲು ಹೋದಳು. ಮೊದಲೆರಡು ವಾರ ಅವನು ಭೇಟಿಗೇ ಬರಲಿಲ್ಲ. ಮೂರನೇ ವಾರ ಬಂದ, ಕಂಬಿಯಾಚೆ ನಿಂತ. ಕೇಳಿದ:

"ಅಮ್ಮನ ಮಾತ್ರೆ ಮುಗಿದಿರ್ಬೇಕಲ್ಲ, ತಂದ್ಕೊಟ್ಯಾ?"

"ತಂದ್ಕೊಟ್ಟೆ. ತಗೋತಾಳೆ. ಮಾತಾಡಲ್ಲ."