ಮತ್ತೆ ಒಂದನೇ ಲೆವೆಲ್

ಪುಟ್ಟಲಕ್ಷ್ಮಿ ಬೆಳಿಗ್ಗೆ ಒಂಬತ್ತರಿಂದ ಹಂದಿ ಹೊಡೆಯುತ್ತಿದ್ದಳು. ಲಗ್ಗೆರೆಯ ಹಾರ್ಡ್‌ವೇರ್ ಅಂಗಡಿಯ ಮೇಲೆ ಮೂರನೇ ಮಹಡಿ. ತಗಡಿನ ಸೂರು, ಒಂದೇ ಫ್ಯಾನು, ಹನ್ನೆರಡು ಕಂಪ್ಯೂಟರು, ಹನ್ನೆರಡು ಹೆಂಗಸರು. ಪರದೆಯ ಮೇಲೆ ಕಾಡುಹಂದಿ ಬರುತ್ತದೆ, ಮೌಸ್ ಒತ್ತಿದರೆ ಸಾಯುತ್ತದೆ. ಮುನ್ನೂರು ಸತ್ತರೆ ಆಟದೊಳಗಿನ ವೀರ ಒಂದು ಲೆವೆಲ್ ಏರುತ್ತಾನೆ. ಅರವತ್ತು ಮುಟ್ಟಿದ ವೀರನನ್ನು, ಅಷ್ಟು ಹಂದಿ ಹೊಡೆಯುವ ವ್ಯವಧಾನವಿಲ್ಲದ ರಾಜಾಜಿನಗರದ ಹುಡುಗನೋ ಹೊರದೇಶದವನೋ ಕೊಂಡುಕೊಳ್ಳುತ್ತಾನೆ. ಇವಳು ಮತ್ತೆ ಒಂದರಿಂದ ಶುರು. ಬೆರಳ ಗೆಣ್ಣುಗಳು ಊದಿಕೊಂಡಿದ್ದವು.

ಹೊಸದಾಗಿ ಸೇರಿದ ಕುಸುಮಾಗೆ ತಲೆಬುಡ ತಿಳಿಯಲಿಲ್ಲ.

"ಯಾರ್ಗೂ ಬೇಡದ ಈ ಚಾಕರೀನ ಆಟದಲ್ಲಿ ಯಾಕಕ್ಕ ಇಟ್ಟವ್ರೆ? ಕಿತ್ತಾಕಿದ್ರೆ ಆಗಲ್ವಾ?"

"ಇರ್ಲಿ ಬಿಡು," ಅಂದಳು ಪುಟ್ಟಲಕ್ಷ್ಮಿ. "ಕೆಲ್ಸ ಮಾಡಿದೋರು ಮೇಲಕ್ಕೋಗೋದು ಇದೊಂದ್ ಕಡೆನೇ."

ಅವಳು ತಮಾಷೆಗೆ ಹೇಳಿದ್ದಲ್ಲ. ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಅಂಗಿಯ ತೋಳು ಹೊಲಿದಿದ್ದಳು. ಕೊನೆಯ ದಿನವೂ ರಿಜಿಸ್ಟರಿನಲ್ಲಿ 'ಹೆಲ್ಪರ್' ಎಂದೇ ಇತ್ತು. ಇಲ್ಲಿಯ ಮಾಲೀಕ ಶ್ರೀಶ, ವರ್ಷ ತುಂಬಿದರೆ ಸೀನಿಯರ್ ಮಾಡುತ್ತೇನೆ, ಪಿಎಫ್ಫು ರಜೆ ಎಲ್ಲ ಕೊಡುತ್ತೇನೆ ಎಂದಿದ್ದ. ಹನ್ನೊಂದನೇ ತಿಂಗಳಿಗೆ ಎಲ್ಲರಿಂದ ರಾಜೀನಾಮೆ ಬರೆಸಿಕೊಳ್ಳುತ್ತಿದ್ದ. ಮಾರನೇ ದಿನ 'ಟ್ರೈನಿ' ಎಂದು ಹೊಸ ಕಾಗದ ಕೊಡುತ್ತಿದ್ದ. ಪುಟ್ಟಲಕ್ಷ್ಮಿ ಈಗ ಮೂರನೇ ಸಲದ ಟ್ರೈನಿ. ಕೇಳಿದ್ದಕ್ಕೆ, ಸಿಸ್ಟಮ್ಮೇ ಹಂಗಿದೆ ಆಂಟಿ ಎಂದು ನಕ್ಕಿದ್ದ.

ಆ ಶುಕ್ರವಾರ ಹನ್ನೆರಡೂ ವೀರರು ಅರವತ್ತು ಮುಟ್ಟಿದರು. ಸೋಮವಾರ ದೊಡ್ಡ ಗಿರಾಕಿಯೊಬ್ಬನಿಗೆ ಒಪ್ಪಿಸಬೇಕಿತ್ತು. ಆಟದೊಳಗೊಂದು ಗುಡಿ, ಅಲ್ಲೊಬ್ಬ ಮುದುಕ ಪೂಜಾರಿ. ಅವನೆದುರು ಮೂರು ಸಲ ಹೂಂ ಎಂದರೆ ವೀರನಿಗೆ ಮರುಹುಟ್ಟು. ತಲೆಗೆ ಚಿನ್ನದ ರುಮಾಲು ಬರುತ್ತದೆ, ಲೆವೆಲ್ ಒಂದಕ್ಕೆ ಇಳಿಯುತ್ತದೆ. ಅದನ್ನು ರದ್ದು ಮಾಡಲು ಯಾರಿಂದಲೂ ಆಗದು.

ಊಟದ ಹೊತ್ತಿನಲ್ಲಿ ಪುಟ್ಟಲಕ್ಷ್ಮಿ ಒಬ್ಬೊಬ್ಬರ ಪಕ್ಕವೂ ಕೂತು ಮಾತಾಡಿದಳು. ಜಯದೇವಿ ಹೆದರಿದಳು, ಕೆಲಸ ಹೋದರೆ ಮಕ್ಕಳಿಗೇನು ಬೇಯಿಸಲಿ ಎಂದಳು. ಆಮೇಲೆ ಎಲ್ಲರಿಗಿಂತ ಮೊದಲು ಅವಳೇ ಪೂಜಾರಿಯೆದುರು ಮೂರು ಸಲ ಹೂಂ ಒತ್ತಿದಳು.

ಶನಿವಾರ ಶ್ರೀಶ ಬಂದು ನೋಡುತ್ತಾನೆ, ಹನ್ನೆರಡು ಪರದೆಗಳಲ್ಲೂ ರುಮಾಲು ಸುತ್ತಿದ ಬರಿಗೈ ವೀರರು ಮದುವೆ ಗಂಡಿನ ಹಾಗೆ ನಿಂತಿದ್ದಾರೆ.

"ಯಾರ್ ಮಾಡಿದ್ದು ಇದನ್ನ?"

"ಟ್ರೈನಿಗಳು ಸಾರ್," ಅಂದಳು ಪುಟ್ಟಲಕ್ಷ್ಮಿ. "ಹೊಸಬ್ರಲ್ವಾ, ಕೈ ತಪ್ತದೆ."

ಅವನು ಕೂಗಾಡಿದ. ಎಲ್ಲರನ್ನೂ ತೆಗೆದು ಹಾಕುತ್ತೇನೆ, ಪೊಲೀಸರನ್ನು ಕರೆಯುತ್ತೇನೆ ಎಂದ. ಯಾರೂ ಏಳಲಿಲ್ಲ. ಮತ್ತೆ ಅರವತ್ತಕ್ಕೇರಿಸಲು ಹೊಸಬರನ್ನು ತಂದರೆ ಎರಡು ತಿಂಗಳು, ಗೊತ್ತಿರುವವರು ಕೂತರೆ ಹತ್ತು ದಿನ ಎಂದು ಪುಟ್ಟಲಕ್ಷ್ಮಿ ತಾಳ್ಮೆಯಿಂದ ವಿವರಿಸಿದಳು. ನೀವೇನು ಮಹಾ ಎಂದು ಶ್ರೀಶ ತಾನೇ ಕುರ್ಚಿ ಎಳೆದುಕೊಂಡು ಕೂತ. ಮೊದಲ ಹಂದಿಯೇ ಅವನನ್ನು ತಿವಿದು ಕೆಡವಿತು. ಎರಡನೆಯದೂ ಕೆಡವಿತು. ಹೆಂಗಸರು ಹಿಂದೆ ನಿಂತು, ಎಡಕ್ಕೆ ಸಾರ್, ಓಡ್ಬೇಡಿ ಸಾರ್ ಎಂದು ಬಲು ಮುತುವರ್ಜಿಯಿಂದ ಹೇಳಿಕೊಟ್ಟರು. ಆರನೇ ಸಲ ಸತ್ತಾಗ ಅವನು ಮೌಸ್ ಬಿಟ್ಟ. ಗಿರಾಕಿಗೆ ಫೋನ್ ಮಾಡಿ ಹತ್ತು ದಿನ ಕೇಳಿಕೊಂಡ.

ಕಾಯಂ ಮಾಡಿ ಬರೆದುಕೊಟ್ಟರೆ ಕೂರುತ್ತೇವೆ ಎಂದು ಪುಟ್ಟಲಕ್ಷ್ಮಿ ಬಿಳಿ ಹಾಳೆ ಮುಂದಿಟ್ಟಳು. ಅವನು 'ಇಂದಿನಿಂದ ಎಲ್ಲರೂ ಕಾಯಂ' ಎಂದು ಬರೆದ. ಅವಳು 'ಇಂದಿನಿಂದ' ಎಂಬುದರ ಮೇಲೆ ಬೆರಳಿಟ್ಟಳು.

"ಇದನ್ನ ಹೊಡೆದಾಕಿ. ಸೇರಿದ ದಿನ ಹಾಕಿ."

ಅದೆಲ್ಲ ತನಗೆಲ್ಲಿ ನೆನಪಿರುತ್ತದೆ ಎಂದ.

"ನಮ್ಗೈತೆ," ಎಂದಳು ಜಯದೇವಿ ಹಿಂದಿನಿಂದ. "ನಂದು ವರಮಾಲಕ್ಷ್ಮಿ ಹಬ್ಬದ ಮಾರನೇ ದಿನ, ಎರಡು ವರ್ಷದ ಕೆಳಗೆ. ಬರ್ಕೊಳಿ."

ಅವನು ಬರೆದುಕೊಂಡ. ಮಿಕ್ಕ ಹನ್ನೊಂದು ಜನ ಅವನ ಮೇಜಿನ ಮುಂದೆ ಸಾಲು ನಿಂತರು.