ದೊಡ್ಡಯ್ಯ ಕಾಶಿಯಿಂದ ಬಂದದ್ದು

“ಮುಖ ಅಲ್ಲಾಡಿಸ್ಬೇಡ್ರೀ, ಮೀಸೆ ಸೊಟ್ಟಾಯ್ತದೆ,” ಎಂದಳು ಸುವರ್ಣಮ್ಮ.

ಷಡಕ್ಷರಪ್ಪ ಅಲ್ಲಾಡಿಸಿರಲಿಲ್ಲ. ಬಾಯಿಯ ಬಲಗಡೆ ತಾನಾಗಿಯೇ ಜೋತು ಬಿದ್ದಿತ್ತು, ಅದರ ಜೊತೆ ಮೀಸೆಯೂ ಜೋತು ಬಿದ್ದಿತ್ತು. ಸುವರ್ಣಮ್ಮ ಎಡಗೈಯಿಂದ ಗಂಡನ ಕೆನ್ನೆ ಎತ್ತಿ ಹಿಡಿದುಕೊಂಡು, ಬಲಗೈಯಲ್ಲಿ ಕತ್ತರಿ ಆಡಿಸಿ ಎರಡೂ ಕಡೆ ಸಮ ಮಾಡಿದಳು. ಕೈ ಬಿಟ್ಟ ಕೂಡಲೇ ಮತ್ತೆ ಸೊಟ್ಟಾಯಿತು. “ಇರ್ಲಿ, ದೂರದಿಂದ ನೋಡೋರಿಗೆ ಗೊತ್ತಾಗಲ್ಲ,” ಎಂದು ತನಗೆ ತಾನೇ ಹೇಳಿಕೊಂಡು ಟವೆಲು ಕೊಡವಿದಳು.

ಧಾರಾವಾಹಿಯವರು ಬರುವವರಿದ್ದರು. ಹಿಂದಿನ ದಿನ ಸಹನಿರ್ದೇಶಕ ಶರತ್ ಫೋನ್ ಮಾಡಿ, “ನಾಳೆ ಅರಸೀಕೆರೆಗೆ ಬರ್ತಿದೀವಿ ಅಮ್ಮ, ಸರ್‌ನ ನೋಡ್ಬೇಕು,” ಎಂದಷ್ಟೇ ಹೇಳಿದ್ದ. ಸುವರ್ಣಮ್ಮನಿಗೆ ಅಷ್ಟು ಸಾಕಾಗಿತ್ತು. ಶೂಟಿಂಗಿಗೆ ಡೇಟು ಹೇಳುವುದಕ್ಕೇ ಬರುತ್ತಿದ್ದಾರೆಂದು ಅವಳೇ ತೀರ್ಮಾನ ಮಾಡಿಬಿಟ್ಟಳು. ಗಂಡನಿಗೆ ಇಸ್ತ್ರಿ ಮಾಡಿದ ಜುಬ್ಬ ತೊಡಿಸಿ, ಬಲಗೈ ತೊಡೆಯ ಮೇಲೆ ನೆಟ್ಟಗಿರುವಂತೆ ಇಟ್ಟು, ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂರಿಸಿದಳು.

ಲಕ್ವ ಹೊಡೆದದ್ದು ರೈಲಿನಲ್ಲಿ. ಬೆಂಗಳೂರಿನಲ್ಲಿ ಶೂಟಿಂಗ್ ಮುಗಿಸಿ ಊರಿಗೆ ಬರುತ್ತಿದ್ದವನು ತಿಪಟೂರು ದಾಟುವಾಗ ಪಕ್ಕದವರ ಮೇಲೆ ವಾಲಿದ. ತನ್ನ ಊರಿನ ಸ್ಟೇಷನ್ನಿನಲ್ಲಿ ಬೇರೆಯವರ ತೋಳಿನಲ್ಲಿ ಇಳಿದ. ಬಲಗೈ, ಬಲಗಾಲು ಹೋದವು, ಅವುಗಳ ಜೊತೆ ಮಾತೂ ಹೋಯಿತು. ತಲೆಯೊಳಗೆ ಎಲ್ಲ ನೆಟ್ಟಗೇ ಇತ್ತು. ಹೇಳಬೇಕಾದ ಮಾತು ತಲೆಯಲ್ಲಿ ಪೂರ್ತಿ ತಯಾರಾಗಿ ಬಾಯಿಗೆ ಬರುವಷ್ಟರಲ್ಲಿ ಬರೀ “ಬ... ಬ...” ಎಂಬ ಸದ್ದಾಗಿ ಹೊರಬೀಳುತ್ತಿತ್ತು.

ಧಾರಾವಾಹಿ ಬರೆಯುವವರಿಗೆ ಇದಕ್ಕೆಲ್ಲ ಉಪಾಯ ಗೊತ್ತಿರುತ್ತದೆ. ಷಡಕ್ಷರಪ್ಪ ಮಾಡುತ್ತಿದ್ದ ದೊಡ್ಡಯ್ಯನ ಪಾತ್ರವನ್ನು ಅವರು ಕಾಶಿಗೆ ಕಳಿಸಿದರು. “ಮಾವನವರು ಕಾಶಿಯಾತ್ರೆಗೆ ಹೋಗಿದಾರೆ,” ಎಂದು ಸೊಸೆಯ ಪಾತ್ರದವಳು ಒಂದು ಸಂಜೆ ಹೇಳಿದಳು, ಕೆಲಸ ಮುಗಿಯಿತು. ಅಂದಿನಿಂದ ಬೀದಿಯವರಿಗೆ ಒಂದು ತಮಾಷೆ ಸಿಕ್ಕಿತು. ಹಾಲಿನವನು ಕೂಡ, “ಏನಮ್ಮ, ದೊಡ್ಡಯ್ಯ ಇನ್ನೂ ಕಾಶಿಲೇ ಅವ್ರಾ?” ಎನ್ನುತ್ತಿದ್ದ. ಸುವರ್ಣಮ್ಮ ನಕ್ಕು, “ಗಂಗೆ ತರಕ್ಕೆ ಹೋಗವ್ರೆ, ಬತ್ತಾರೆ,” ಎನ್ನುತ್ತಿದ್ದಳು. ಗಂಡಹೆಂಡತಿ ಇಬ್ಬರೂ ಪ್ರತಿ ಸಂಜೆ ತಪ್ಪದೆ ಟಿವಿ ಮುಂದೆ ಕೂರುತ್ತಿದ್ದರು. ದೊಡ್ಡಯ್ಯ ಕಾಶಿಯಲ್ಲಿರುವಷ್ಟು ದಿನ ಷಡಕ್ಷರಪ್ಪನ ಜಾಗ ಭದ್ರ. ಸಾಯಿಸಿ, ಫೋಟೋಕ್ಕೆ ಹಾರ ಹಾಕಿದರೆ ಮಾತ್ರ ಹೆದರಬೇಕು. ಹಾಗಂತ ಇಬ್ಬರೂ ಅಂದುಕೊಂಡಿದ್ದರು.

ಆ ಜಾಗ ಸುಮ್ಮನೆ ಸಿಕ್ಕಿದ್ದಲ್ಲ. ಷಡಕ್ಷರಪ್ಪನ ಅಪ್ಪನದು ಕೊಬ್ಬರಿ ವ್ಯಾಪಾರ. ಜಾವಗಲ್ಲಿನಲ್ಲಿ ನಾಟಕ ಕಂಪನಿ ಕ್ಯಾಂಪ್ ಮಾಡಿದ್ದಾಗ ಕೊಬ್ಬರಿ ತರಲು ಹೋದ ಮಗ ಲಾರಿಯನ್ನು ಮಾತ್ರ ವಾಪಸ್ ಕಳಿಸಿ ತಾನು ಅಲ್ಲೇ ಉಳಿದುಕೊಂಡ. ಗಂಟಲು ದಪ್ಪವಿದ್ದದ್ದರಿಂದ ಮೀಸೆ ಚಿಗುರುವ ವಯಸ್ಸಿನಲ್ಲೇ ಅವನಿಗೆ ಮುದುಕರ ಪಾತ್ರ ಕೊಟ್ಟರು. ಕಂಪನಿ ಮುಚ್ಚಿದ ಮೇಲೆ ಸಿನಿಮಾಕ್ಕೆ ಹೋದ. ಪೋಸ್ಟ್‌ಮ್ಯಾನ್, ಪೂಜಾರಿ, ಕಾಂಪೌಂಡರ್, ಲಾಠಿ ಹಿಡಿದು ಕೊನೆಯಲ್ಲಿ ಬರುವ ಪೊಲೀಸ್. ಒಂದು ಸಿನಿಮಾದ ಶೂಟಿಂಗ್ ಹಳೇಬೀಡಿನಲ್ಲೇ ನಡೆಯಿತು. ನಾಯಕ ನಾಯಕಿಗೆ ದೇವಸ್ಥಾನ ತೋರಿಸುವ ಗೈಡ್ ಅವನೇ. ನೆಂಟರಿಷ್ಟರೆಲ್ಲ ಅರಸೀಕೆರೆಯ ಟಾಕೀಸಿಗೆ ಹೋಗಿ ಕೂತರು. ಗೈಡ್ ಕಂಬದ ಕಡೆ ಕೈ ತೋರಿಸಿ ಬಾಯಿ ತೆರೆಯುವಷ್ಟರಲ್ಲಿ ಹಾಡು ಶುರುವಾಯಿತು. ಸಿನಿಮಾದ ಹೆಸರುಗಳ ಪಟ್ಟಿಯಲ್ಲಿ ಅವನು ಯಾವತ್ತೂ ‘ಮತ್ತಿತರರು’. ಹೀಗೆ ಆಯಸ್ಸೆಲ್ಲ ಕಳೆದು ಕೂದಲು ನಿಜವಾಗಿ ಬೆಳ್ಳಗಾದ ಮೇಲೆ ಈ ದೊಡ್ಡಯ್ಯ ಸಿಕ್ಕಿದ. ಮಾಲೇಕಲ್ಲಿಗೆ ಹೋಗುವ ಬಸ್ಸಿನಲ್ಲಿ ಹೆಂಗಸರು ‘ದೊಡ್ಡಯ್ಯ’ ಎಂದು ಗುರುತು ಹಿಡಿದು ಎದ್ದು ಸೀಟು ಬಿಟ್ಟುಕೊಟ್ಟ ದಿನ ಷಡಕ್ಷರಪ್ಪ ಮನೆಗೆ ಬಂದು ಹೆಂಡತಿಯ ಮುಂದೆ ಅತ್ತಿದ್ದ. ನಾಚಿಕೆಯಿಲ್ಲದೆ, ಚಿಕ್ಕ ಹುಡುಗರ ಹಾಗೆ.

ಕಾರು ನಿಂತ ಸದ್ದಾಯಿತು. ಶರತ್ ಮೊದಲು ಒಳಗೆ ಬಂದ, ಹಿಂದೆ ಇನ್ನೊಬ್ಬರಿದ್ದರು. ಅವರನ್ನು ನೋಡಿ ಸುವರ್ಣಮ್ಮನ ಮುಖ ಅರಳಿತು.

“ಅಯ್ಯೋ, ನಂಜುಂಡಯ್ಯಣ್ಣ! ಈಗ ನೆಪ್ಪಾಯ್ತಾ ನಮ್ಮನೆ ದಾರಿ?”

ಬೇಲೂರಿನ ನಂಜುಂಡಯ್ಯ ಕಂಪನಿ ಕಾಲದ ಗೆಳೆಯ. ಷಡಕ್ಷರಪ್ಪನೂ ಅವನೂ ಒಂದೇ ಟ್ರಂಕಿನಲ್ಲಿ ಬಟ್ಟೆ ಇಟ್ಟುಕೊಂಡು, ಒಂದೇ ಕಂಬಳಿ ಹೊದ್ದು ಮಲಗಿದವರು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಅವನ ಪಾತ್ರವನ್ನೂ ಮಾಡಿಬರುತ್ತಿದ್ದ. ಸಿನಿಮಾದಲ್ಲಿ ನಂಜುಂಡಯ್ಯನಿಗೆ ‘ಮತ್ತಿತರರು’ ಕೂಡ ಸಿಗಲಿಲ್ಲ. ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಿಕೊಂಡು ಬದುಕಿದ, ಈಚೆಗೆ ಕಲಿಯುವವರೂ ಕಡಿಮೆಯಾಗಿದ್ದರು. ಅವನು ಬಾಳೆಹಣ್ಣಿನ ಚೀಲವನ್ನು ಸುವರ್ಣಮ್ಮನ ಕೈಗೆ ಕೊಟ್ಟು, ಕೂರಿ ಎಂದರೂ ಕೂರದೆ ಗೋಡೆಯ ಪಕ್ಕ ನಿಂತ. ಗೆಳೆಯನ ಮುಖದಲ್ಲಿ ಹೊಸದಾಗಿ ಮೀಸೆ ಇರುವುದನ್ನು ಷಡಕ್ಷರಪ್ಪ ನೋಡಿದ. ಅದು ತನ್ನ ಮೀಸೆಯದೇ ಆಕಾರದಲ್ಲಿತ್ತು. ಅವನಿಗೆ ಆಗಲೇ ಅರ್ಥವಾಯಿತು. ಸುವರ್ಣಮ್ಮನಿಗೆ ಆಗಲಿಲ್ಲ.

“ಗುರುವಾರ ಶೂಟಿಂಗ್ ಇದೆ ಅಮ್ಮ,” ಎಂದ ಶರತ್. “ದೊಡ್ಡಯ್ಯ ಕಾಶಿಯಿಂದ ವಾಪಸ್ ಬರೋ ಸೀನು. ಮೊಮ್ಮಗಳ ಮದುವೆ ಟ್ರ್ಯಾಕ್ ಶುರುವಾಯ್ತು, ಮನೆ ಯಜಮಾನನೇ ಇಲ್ದೆ ಮದುವೆ ತೋರಿಸೋಕಾಗಲ್ಲ. ಚಾನೆಲ್‌ನವರು ಕೇಳ್ತಾನೇ ಇದಾರೆ.”

“ಗುರುವಾರಾನಾ?” ಸುವರ್ಣಮ್ಮ ಗಂಡನ ಕಡೆ ತಿರುಗಿದಳು. “ಕೇಳಿಸ್ತಾ? ನಾನು ಹೇಳಿರ್ಲಿಲ್ವಾ?” ಮತ್ತೆ ಶರತ್ ಕಡೆ ತಿರುಗಿ, “ಕೂರಿಸ್ಕಂಡು ಮಾಡ್ಬೌದಲ್ವೇನಪ್ಪಾ? ಮದ್ವೆ ಮನೇಲಿ ಯಜಮಾನ್ರು ಕೂತೇ ಇರ್ತಾರೆ. ಈಗ ಎಷ್ಟೋ ವಾಸಿ. ಗೋಡೆ ಹಿಡ್ಕಂಡು ನಿಂತ್ಕತಾರೆ. ತೋರಿಸ್ರೀ, ಒಂದ್ಸಲ ಎದ್ ನಿಂತ್ಕಳ್ರೀ.”

ಶರತ್ “ಬೇಡ ಅಮ್ಮ, ಬೇಡ” ಎನ್ನುತ್ತಿದ್ದರೂ ಕೇಳದೆ ಅವಳು ಗಂಡನ ಕಂಕುಳಿಗೆ ಕೈ ಹಾಕಿದಳು. ಷಡಕ್ಷರಪ್ಪ ಏಳಬಾರದಿತ್ತು, ಆದರೂ ಎದ್ದ. ಎಡಗೈಯಲ್ಲಿ ಗೋಡೆ ಹಿಡಿದು, ಬಲಗಾಲನ್ನು ಎಳೆದುಕೊಂಡು ನಿಂತ. ಕಾಲು ನಡುಗಿತು. “ಮಾತೂ ಬತ್ತೈತೆ,” ಎಂದಳು ಸುವರ್ಣಮ್ಮ, “ಮೊನ್ನೆ ನನ್ನೆಸ್ರು ಕರುದ್ರು. ಕರೀರಿ, ನನ್ನೆಸ್ರು ಕರೀರಿ.” ಅವನು ಕರೆಯಲು ನೋಡಿದ. ಹೆಂಡತಿಯ ಹೆಸರು ನಾಲಿಗೆಯ ಹಿಂದೆಯೇ ಇತ್ತು. “ಬ... ಬ...” ಎಂದ. ಬಾಯಿಯ ಬಲಗಡೆಯಿಂದ ಜೊಲ್ಲು ಇಳಿದು ಇಸ್ತ್ರಿ ಮಾಡಿದ ಜುಬ್ಬದ ಮೇಲೆ ಬಿತ್ತು. ಬಣ್ಣ ಹಚ್ಚಿ ನಿಂತ ಅಷ್ಟೂ ವರ್ಷಗಳಲ್ಲಿ ಅವನು ಜನರ ಮುಂದೆ ಹೀಗೆ ನಿಂತಿರಲಿಲ್ಲ. ಶರತ್ ಮೊಬೈಲ್ ನೋಡತೊಡಗಿದ. ನಂಜುಂಡಯ್ಯ ಬಂದು ಗೆಳೆಯನನ್ನು ಹಿಡಿದು ಕೂರಿಸಿದ.

“ತಂಗೀ,” ಎಂದ ನಂಜುಂಡಯ್ಯ. ಮುಂದಿನ ಮಾತು ಅವನ ಬಾಯಿಂದಲೂ ಬರಲಿಲ್ಲ.

ಶರತ್‌ಗೆ ಸಂಜೆಯೊಳಗೆ ಬೆಂಗಳೂರು ಸೇರಬೇಕಿತ್ತು. ಅವನೇ ಹೇಳಿದ. “ನಂಜುಂಡಯ್ಯ ಸರ್ ಮಾಡ್ತಾರೆ ಅಮ್ಮ, ದೊಡ್ಡಯ್ಯನ ಪಾತ್ರ. ಬಾಡಿ ಲಾಂಗ್ವೇಜ್ ಎಲ್ಲ ಮ್ಯಾಚ್ ಆಗುತ್ತೆ. ಕಾಶಿಗೆ ಹೋಗಿ ಸ್ವಲ್ಪ ಇಳಿದುಹೋಗಿದಾರೆ ಅಂತ ಒಂದು ಡೈಲಾಗ್ ಹಾಕ್ತೀವಿ, ಜನ ಒಪ್ಕೋತಾರೆ. ಆದ್ರೆ ಕಂಟಿನ್ಯೂಟಿ ಬೇಕು, ಮೊದ್ಲಿದ್ದ ಹಾಗೇ ಕಾಣ್ಬೇಕು. ದೊಡ್ಡಯ್ಯನ ಶಾಲು, ಕೋಲು, ಕನ್ನಡಕ ಎಲ್ಲ ಸರ್ ತಮ್ಮನೆಯಿಂದ್ಲೇ ತರ್ತಿದ್ರು. ಅದೇ ಬೇಕು.”

ನಂಜುಂಡಯ್ಯ ಷಡಕ್ಷರಪ್ಪನ ಕುರ್ಚಿಯ ಮುಂದೆ ನೆಲದ ಮೇಲೆ ಕೂತ. ಮಂಡಿ ಬಗ್ಗದೆ ಕಷ್ಟಪಟ್ಟೇ ಕೂತ.

“ನಾನು ಕೇಳ್ಕಂಡು ಹೋಗಿದ್ದಲ್ಲ ಕಣೋ. ಅವ್ರೇ ಹುಡುಕ್ಕಂಡು ಬಂದ್ರು. ನೀನು ಬ್ಯಾಡ ಅಂತ ಒಂದ್ಸಲ ತಲೆ ಆಡ್ಸು, ಈಗ್ಲೇ ಬಸ್ ಹತ್ತಿ ಬೇಲೂರಿಗೆ ಹೋಯ್ತೀನಿ. ಶಿವನಾಣೆ.”

ಷಡಕ್ಷರಪ್ಪನಿಗೆ ಬೇಡ ಎನ್ನಬೇಕೆಂದು ಹೊಟ್ಟೆಯೊಳಗಿಂದ ಆಸೆಯಾಯಿತು. ಗೆಳೆಯನ ಅಂಗಿಯ ಸವೆದ ಕಾಲರು ತಿರುಗಿಸಿ ಹೊಲಿದದ್ದು ಕಣ್ಣಿಗೆ ಬಿತ್ತು. ಬೇಡ ಎಂದರೆ ಇವನು ನಿಜವಾಗಿಯೂ ಬಸ್ ಹತ್ತುತ್ತಾನೆ, ಶರತ್ ನಾಳೆ ಇನ್ನೊಬ್ಬನನ್ನು ಕರೆತರುತ್ತಾನೆ. ಗುರುವಾರ ದೊಡ್ಡಯ್ಯ ಹೇಗೂ ಬರುತ್ತಾನೆ. ಷಡಕ್ಷರಪ್ಪ ಎಡಗೈಯನ್ನು ಗೆಳೆಯನ ಹೆಗಲ ಮೇಲಿಟ್ಟ. ನಂಜುಂಡಯ್ಯ ಆ ಕೈ ಹಿಡಿದುಕೊಂಡು ಬಿಕ್ಕಿದ. ಮೊದಲ ಸಲ ಕ್ಯಾಮೆರಾ ಮುಂದೆ ಕೆಲಸ ಸಿಕ್ಕವನ ಸಂತೋಷವೂ ಆ ಅಳುವಿನಲ್ಲಿದ್ದದ್ದು ಷಡಕ್ಷರಪ್ಪನಿಗೆ ತಿಳಿಯದೆ ಹೋಗಲಿಲ್ಲ.

ಸುವರ್ಣಮ್ಮ ಕೋಣೆಗೆ ಹೋಗಿ ಬೀರು ತೆಗೆದಳು. ಹಿತ್ತಾಳೆ ಕಟ್ಟಿನ ಕೋಲು ಮಾವನವರದು. ಹಸಿರಂಚಿನ ಶಾಲು ಮಠದಲ್ಲಿ ಸ್ವಾಮಿಗಳು ಹೊದಿಸಿದ್ದು. ಎರಡನ್ನೂ ತಂದು ಟೀಪಾಯಿಯ ಮೇಲಿಟ್ಟಳು. ಕನ್ನಡಕ ಷಡಕ್ಷರಪ್ಪನ ಜೇಬಿನಲ್ಲಿತ್ತು.

“ಇದಿಲ್ದೆ ಪೇಪರ್ ಓದಕ್ಕಾಗಲ್ಲ ಕಣಪ್ಪಾ ಇವ್ರಿಗೆ. ಈಗ ಅದೊಂದೇ ಕೆಲ್ಸ ಇವ್ರಿಗೆ ಇರೋದು.”

“ಹೊಸದು ಮಾಡಿಸಿ ಕಳಿಸ್ತೀನಮ್ಮ. ಈ ಫ್ರೇಮ್ ಈಗ ಎಲ್ಲೂ ಸಿಗಲ್ಲ.”

ಅವಳು ಗಂಡನ ಜೇಬಿಗೆ ಕೈ ಹಾಕಿ ಕನ್ನಡಕ ತೆಗೆದಳು. ಸೆರಗಿನಿಂದ ಒರೆಸಿ, ಶಾಲಿನ ಮೇಲಿಟ್ಟು, “ತಿಂಡಿ ತಿಂದ್ಕಂಡೇ ಹೋಗ್ಬೇಕು,” ಎಂದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಮಿಕ್ಸಿ ಓಡಿದ ಸದ್ದು ಕೇಳಿಸಿತು. ಚಟ್ನಿಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ಓಡಿತು.

“ಸರ್, ಒಂದು ಚಿಕ್ಕ ರಿಕ್ವೆಸ್ಟು,” ಎಂದ ಶರತ್. “ದೊಡ್ಡಯ್ಯನ ಎಂಟ್ರಿ ಒಂದ್ಸಲ ಟ್ರೈ ಮಾಡಿಬಿಡೋಣ. ನಿಮ್ಮ ಮುಂದೆ ಮಾಡಿದ್ರೆ ತಪ್ಪಿದ್ರೆ ಗೊತ್ತಾಗುತ್ತೆ.”

ದೊಡ್ಡಯ್ಯನ ಎಂಟ್ರಿ ಬರೆದವರು ಬರೆದದ್ದಲ್ಲ, ಷಡಕ್ಷರಪ್ಪ ಮನೆಯಿಂದ ಒಯ್ದದ್ದು. ಮದುವೆಯಾದಾಗಿನಿಂದ ಅವನು ಯಾವ ಊರಿನಿಂದ ಬಂದರೂ ಹೊಸ್ತಿಲಲ್ಲಿ ನಿಂತು, “ಬಂದೆ ಕಣೇ, ನೀರ್ ತತ್ತಾ,” ಎನ್ನುತ್ತಿದ್ದ. ಹಾಗೇ ಕ್ಯಾಮೆರಾ ಮುಂದೆಯೂ ಅಂದಿದ್ದ, ಜನ ಅದನ್ನೇ ಹಿಡಿದುಕೊಂಡರು.

ನಂಜುಂಡಯ್ಯ ಶಾಲು ಹೊದ್ದು, ಕನ್ನಡಕ ಹಾಕಿ, ಕೋಲು ಹಿಡಿದು ಬಾಗಿಲಾಚೆ ಹೋದ. ಕೋಲು ಕುಟ್ಟಿ ಒಳಗೆ ಬಂದು, ಕೊನೆಯ ಸಾಲಿನವರಿಗೂ ಕೇಳಬೇಕೆನ್ನುವಂತೆ, “ಬಂದೆ ಕಣೇ! ನೀರ್ ತತ್ತಾ!” ಎಂದ. ಕೇಳಿದ ಷಡಕ್ಷರಪ್ಪನ ಮೈ ಉರಿಯಿತು. ಪಾತ್ರ ಹೋದದ್ದಕ್ಕಿಂತ ಅದು ಹೀಗೆ ಕೆಡುವುದೇ ದೊಡ್ಡದಾಗಿ ಕಂಡಿತು. ಎಡಗೈಯನ್ನು ಕೆಳಗೆ ಮಾಡಿ, ಇಳಿಸು, ಇಳಿಸು ಎಂದು ತೋರಿಸಿದ. ಎದೆ ಮುಟ್ಟಿ ಆಯಾಸ ತೋರಿಸಿದ. ನಂಜುಂಡಯ್ಯನಿಗೆ ತಕ್ಷಣ ತಿಳಿಯಿತು. ಒಂದೇ ಕಂಬಳಿಯಲ್ಲಿ ಮಲಗಿದವರಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಮತ್ತೆ ಹೊರಗೆ ಹೋಗಿ ಬಂದ. ಈ ಸಲ ದನಿ ಸರಿಯಾಯಿತು, ಕೋಲು ತಪ್ಪಿತು. ಹೊಸ್ತಿಲಿಗೆ ಮುಂಚೆಯೇ ಕೋಲಿನ ಸದ್ದು, ಆಮೇಲೆ ಕೆಮ್ಮು, ಆಮೇಲೆ ಚಪ್ಪಲಿ ಬಿಡುವುದು, ಕೊನೆಗೆ ಮಾತು. ಷಡಕ್ಷರಪ್ಪ ಎಡಗೈಯಿಂದ ಒಂದೊಂದನ್ನೂ ತೋರಿಸಿದ. ಮೈಯಲ್ಲಿ ಎಷ್ಟೋ ದಿನದ ಮೇಲೆ ಜೀವ ಆಡಿದಂತಿತ್ತು, ಬಲಗಾಲು ಸತ್ತದ್ದೂ ಮರೆತಿತ್ತು. “ತತ್ತಾ” ಎನ್ನುವಾಗ ಕೊನೆಯನ್ನು ಎಳೆಯಬೇಕೆಂದು ಬೆರಳನ್ನು ಗಾಳಿಯಲ್ಲಿ ನಿಧಾನವಾಗಿ ಎಳೆದು ತೋರಿಸಿದ. ಶರತ್ ಮೊಬೈಲಿನಲ್ಲಿ ಇದನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

ನಂಜುಂಡಯ್ಯ ಇನ್ನೊಂದು ಸಲ ಹೊರಗೆ ಹೋದ. ಒಳಗೆ ಮಿಕ್ಸಿ ನಿಂತಿತ್ತು. ಕೋಲಿನ ಸದ್ದಾಯಿತು. ಕೆಮ್ಮು ಬಂತು. ಚಪ್ಪಲಿ ಗೋಡೆಯ ಪಕ್ಕ ಬಿದ್ದವು.

“ಬಂದೆ ಕಣೇ... ನೀರ್ ತತ್ತಾ.”

ಅದು ಷಡಕ್ಷರಪ್ಪನದೇ ದನಿ. ಸರಿಯಾಗಿದೆ ಎಂದು ಅವನು ಕೈ ಎತ್ತುವುದರೊಳಗೆ ಅಡುಗೆಮನೆಯಿಂದ, “ಹ್ಞೂಂ ಕಣ್ರೀ, ತಂದೇ,” ಎಂದು ಕೇಳಿಸಿತು.

ಸುವರ್ಣಮ್ಮ ಚೊಂಬು ಹಿಡಿದು ಬಿರಬಿರನೆ ಬಂದಳು. ನೀರು ತುಳುಕಿ ಕೈ ಒದ್ದೆಯಾಗಿತ್ತು. ಅವಳ ಮುಖ, ಅವನು ರೈಲಿಳಿದು ಮನೆಗೆ ಬಂದ ಸಂಜೆಗಳಲ್ಲಿ ಹೇಗಿರುತ್ತಿತ್ತೋ ಹಾಗಿತ್ತು. ಇಷ್ಟು ದಿನ ಅವಳು ಅವನ ಮುಂದೆ ನಕ್ಕದ್ದು, ಧೈರ್ಯ ಹೇಳಿದ್ದು, ತಮಾಷೆ ಮಾಡಿದ್ದು ಎಲ್ಲ ಬೇರೆಯೇ ಮುಖದಲ್ಲಿ ಎಂಬುದು ಷಡಕ್ಷರಪ್ಪನಿಗೆ ಈಗ ಕಾಣಿಸಿತು. ಅವಳು ಅವನ ಕುರ್ಚಿಯನ್ನು ದಾಟಿ, ಅವನ ಕಡೆ ನೋಡದೆ, ಬಾಗಿಲ ತನಕ ಹೋದಳು.

ಅಲ್ಲಿ ನಿಂತುಬಿಟ್ಟಳು. ಹೊಸ್ತಿಲ ಮೇಲೆ ಶಾಲು ಹೊದ್ದುಕೊಂಡು ನಂಜುಂಡಯ್ಯ ತಲೆ ತಗ್ಗಿಸಿದ್ದ. ಶರತ್‌ನ ಮೊಬೈಲು ಇನ್ನೂ ಮೇಲೆಯೇ ಇತ್ತು. ಸುವರ್ಣಮ್ಮ ಒಮ್ಮೆ ಬಾಗಿಲ ಕಡೆ, ಒಮ್ಮೆ ಹಿಂದೆ ಕುರ್ಚಿಯ ಕಡೆ ನೋಡಿದಳು. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಬ್ಬರಲ್ಲಿ ಒಬ್ಬರೂ ಕೈ ಚಾಚಲಿಲ್ಲ.